ಆಯುಧ ಪೂಜೆಗೆ ಕುಂಬಳಕಾಯಿ ಒಡೆಯಿರಿ ಅಂದಿದ್ದಾರೆ, ಏನು ಮಾಡಲಿ?

ಪೀಣ್ಯ ಸೆಕೆಂಡ್ ಸ್ಟೇಜ್

ಎಲ್ಲರಿಗೂ ವಂದನೆ. ಪೀಣ್ಯದಲ್ಲಿ ಒಂದು ಸಣ್ಣ ಮಷೀನ್ ಶಾಪಿನಲ್ಲಿ ಕೆಲಸ. ನಾಲ್ಕು ಸಿಎನ್‌ಸಿ, ಎರಡು ವಿಎಂಸಿ, ಒಂದು ಹಳೇ ಲೇತ್. ನಮ್ಮೂರು ಗದಗ ಕಡೆ, ಹುಟ್ಟಿ ಬೆಳೆದದ್ದು ಪ್ರೊಟೆಸ್ಟೆಂಟ್ ಕ್ರೈಸ್ತರ ಸಿಎಸ್‌ಐ ಸಭೆಯಲ್ಲಿ.

ಇಷ್ಟು ವರ್ಷ ಆಯುಧ ಪೂಜೆ ನನಗೆ ತಲೆನೋವಾಗಿರಲಿಲ್ಲ. ಹಿಂದಿನ ದಿನ ಎಲ್ಲರ ಜೊತೆ ಮಷೀನ್ ತೊಳೆಯುತ್ತಿದ್ದೆ. ಚಿಪ್ಸ್ ಬಳಿದು, ಕೂಲೆಂಟ್ ಟ್ಯಾಂಕ್ ಖಾಲಿ ಮಾಡಿ, ಗೇಟಿಗೆ ಬಾಳೆಕಂದು ಕಟ್ಟುವುದಕ್ಕೂ ಕೈ ಹಾಕುತ್ತಿದ್ದೆ. ಪೂಜೆ ಹೊತ್ತಿಗೆ ಹಿಂದೆ ನಿಂತುಕೊಳ್ಳುತ್ತಿದ್ದೆ. ಯಾರೂ ಏನೂ ಕೇಳುತ್ತಿರಲಿಲ್ಲ. ಸ್ವೀಟ್ ಬಾಕ್ಸು, ಕಡಲೆಪುರಿ, ಬೋನಸ್ ಕವರ್ ತಗೊಂಡು ಮನೆಗೆ.

ಈ ಸಲ ಶಿಫ್ಟ್ ಇನ್‌ಚಾರ್ಜ್ ಮಾಡಿದ್ದಾರೆ. ನಮ್ಮಲ್ಲಿ ಇನ್‌ಚಾರ್ಜ್ ಆದವರೇ ಮಷೀನುಗಳಿಗೆ ಕುಂಕುಮ ಇಟ್ಟು, ಮಂಗಳಾರತಿ ಮಾಡಿ, ಗೇಟಿನ ಮುಂದೆ ಬೂದುಗುಂಬಳ ಒಡೆಯಬೇಕು. ಓನರ್ ಮೊನ್ನೆ ಹೆಗಲ ಮೇಲೆ ಕೈ ಹಾಕಿ "ಈ ಸಲ ನಿಮ್ಮ ಕೈಯಿಂದಲೇ ಆಗಲಿ" ಅಂದರು. ಮರ್ಯಾದೆ ಕೊಟ್ಟು ಹೇಳಿದ ಮಾತು. ಅದೇ ಕಷ್ಟ. ಜಬರಿಸಿ ಹೇಳಿದ್ದರೆ ಆಗಲ್ಲ ಅನ್ನುವುದು ಸುಲಭವಿತ್ತು.

ಅಮ್ಮ ಫೋನಿನಲ್ಲಿ "ಮಾಡಲೇಬೇಡ" ಅಂದರು. ಮನೆಯವಳು "ಇಎಂಐ ನೆನಪಿರಲಿ, ಒಂದು ಕಾಯಿ ತಾನೇ, ಒಡೆದುಬಿಡಿ, ದೇವರು ಮನಸ್ಸು ನೋಡ್ತಾನೆ" ಅನ್ನುತ್ತಾಳೆ. ನೀವೇನಂತೀರಿ? ಪ್ರಾರ್ಥನೆ ಮಾಡಿ ಅಂತಷ್ಟೇ ಬರೆಯಬೇಡಿ. ಅದು ನಡೀತಾನೇ ಇದೆ.

ದುರ್ಗದ ಆಟೋ

ಬ್ರದರ್, ಇದರಲ್ಲಿ ಕೇಳುವುದೇನಿದೆ? ಬೈಬಲ್ಲಿನ ದಾನಿಯೇಲನ ಪುಸ್ತಕ 3ನೇ ಅಧ್ಯಾಯ ತೆಗೆದು ಓದಿ. ಶದ್ರಕ್, ಮೇಶಕ್, ಅಬೇದ್‌ನೆಗೋ ರಾಜನ ಕೆಲಸದಲ್ಲೇ ಇದ್ದವರು. ಸಂಬಳ ಅವರಿಗೂ ಬರ್ತಿತ್ತು. ರಾಜ ನಿಲ್ಲಿಸಿದ ಬಂಗಾರದ ಪ್ರತಿಮೆಗೆ ಬಗ್ಗಲಿಲ್ಲ. ಇಷ್ಟು ವರ್ಷ ಹಿಂದೆ ನಿಂತುಕೊಂಡಿದ್ದಿರಲ್ಲ, ಅವತ್ತೇ ಹೇಳಿಬಿಟ್ಟಿದ್ದರೆ ಇವತ್ತು ಈ ಗೋಳು ಇರುತ್ತಿರಲಿಲ್ಲ.

ಹಾಸನ ಟೀಚರ್

ದುರ್ಗದ ಅಣ್ಣಾ, ಆ ಮೂವರಿಗೆ ಬೆಂಕಿಗುಂಡಿ ತೋರಿಸಿದ್ದರು. ಇವರಿಗೆ ಬಡ್ತಿ ಕೊಟ್ಟಿದ್ದಾರೆ. ಎರಡೂ ಒಂದೇ ಥರ ಅಲ್ಲ.

ನನಗೆ ನೆನಪಾಗುವುದು ಅರಾಮ್ ದೇಶದ ಸೇನಾಪತಿ ನಾಮಾನ. ಎರಡನೇ ಅರಸುಗಳು 5ನೇ ಅಧ್ಯಾಯ. ಕುಷ್ಠ ವಾಸಿಯಾದದ್ದರ ತನಕ ಸಂಡೇ ಸ್ಕೂಲಿನಲ್ಲಿ ಎಲ್ಲರೂ ಕೇಳಿರುತ್ತೀರಿ. ಆಮೇಲಿನದನ್ನು ಯಾರೂ ಹೇಳಿಕೊಡುವುದಿಲ್ಲ. ಇನ್ನು ಮುಂದೆ ಬೇರೆ ದೇವರಿಗೆ ಬಲಿ ಕೊಡುವುದಿಲ್ಲ ಅಂತ ಪ್ರವಾದಿ ಎಲೀಷನಿಗೆ ಮಾತು ಕೊಟ್ಟ ಮೇಲೆ ಅವನು ಒಂದು ವಿಷಯಕ್ಕೆ ಕ್ಷಮೆ ಕೇಳುತ್ತಾನೆ. ನಮ್ಮ ರಾಜ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈ ಹಿಡಿದುಕೊಂಡೇ ಹೋಗುತ್ತಾನೆ, ಅವನು ಬಗ್ಗಿದಾಗ ನಾನೂ ಬಗ್ಗಬೇಕಾಗುತ್ತದೆ, ಅದೊಂದನ್ನು ದೇವರು ಕ್ಷಮಿಸಲಿ ಅಂತ. ಎಲೀಷ ಸರಿ ಅನ್ನಲಿಲ್ಲ, ತಪ್ಪು ಅಂತಲೂ ಅನ್ನಲಿಲ್ಲ. ಸಮಾಧಾನದಿಂದ ಹೋಗು ಅಂದ, ಅಷ್ಟೇ.

ಹಾಗಂತ ಒಡೆದುಬಿಡಿ ಅಂತ ನಾನು ಹೇಳುತ್ತಿಲ್ಲ. ನಾಮಾನ ಮಾಡುತ್ತಿದ್ದದ್ದು ರಾಜನಿಗೆ ಆಸರೆ ಕೊಡುವ ಕೆಲಸ. ಪೂಜೆ ಮಾಡುತ್ತಿದ್ದವನು ರಾಜ. ನಿಮ್ಮ ಶಾಪಿನಲ್ಲಿ ಈ ಸಲ ಆರತಿ ತಟ್ಟೆ ನಿಮ್ಮ ಕೈಯಲ್ಲೇ ಇರುತ್ತದೆ. ಇಷ್ಟು ವರ್ಷ ನೀವು ನಾಮಾನನ ಜಾಗದಲ್ಲಿದ್ದಿರಿ, ಈಗ ರಾಜನ ಜಾಗಕ್ಕೆ ಕರೆದಿದ್ದಾರೆ.

ಕೊರಿಂಥ ಊರಿನ ಸಭೆಯವರಿಗೆ ಅಪೊಸ್ತಲ ಪೌಲ ಬರೆದದ್ದನ್ನೂ ನೋಡಿ, ಮೊದಲ ಪತ್ರಿಕೆ, 8ರಿಂದ 10ನೇ ಅಧ್ಯಾಯ. ಅಂಗಡಿಯಲ್ಲಿ ಮಾರುವ ಮಾಂಸ ಗುಡಿಯಿಂದ ಬಂದದ್ದೋ ಅಂತ ವಿಚಾರಿಸುತ್ತಾ ಕೂರಬೇಡಿ, ತಿನ್ನಿ ಅನ್ನುತ್ತಾನೆ. ಯಾರಾದರೂ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಆದರೆ ಇದು ಬಲಿ ಕೊಟ್ಟದ್ದು ಅಂತ ಯಾರಾದರೂ ಬಾಯಿಬಿಟ್ಟು ಹೇಳಿದರೆ ಆ ಹೇಳಿದವನ ಸಲುವಾಗಿ ಬಿಡಿ. ಗುಡಿಯ ಪಂಕ್ತಿಯಲ್ಲಿ ಕೂರುವುದು ಮಾತ್ರ ಬೇಡವೇ ಬೇಡ. ಎಷ್ಟು ಬಿಡಿಸಿ ಬಿಡಿಸಿ ಹೇಳಿದ್ದಾನೆ ನೋಡಿ. ನಮ್ಮ ಪ್ರಸಂಗಗಳಲ್ಲಿ ಇದೆಲ್ಲ "ಮುಟ್ಟಬೇಡ" ಅನ್ನುವ ಒಂದೇ ಮಾತಾಗಿದೆ.

ನಿಮ್ಮ ಸ್ವೀಟ್ ಬಾಕ್ಸ್ ಬಗ್ಗೆ ನನಗೆ ಚಿಂತೆ ಇಲ್ಲ. ಆರತಿ ಬಗ್ಗೆ ಇದೆ.

ದಾಬಸ್‌ಪೇಟೆ ಟೂಲ್‌ರೂಮ್

ನಾನು ಕ್ರೈಸ್ತನಲ್ಲ. ಸ್ನೇಹಿತರು ಈ ಲಿಂಕ್ ಕಳಿಸಿದರು, ಇದೇ ಲೈನಿನಲ್ಲಿ ಇರುವವನು ಅಂತ ಬರೆಯುತ್ತಿದ್ದೇನೆ. ತಪ್ಪಿದ್ದರೆ ಬೈಯಿರಿ.

ನಮ್ಮ ಹುಡುಗರಿಗೆ ಆ ಕುಂಬಳಕಾಯಿ ಅಂದರೆ ಏನು ಗೊತ್ತಾ? ವರ್ಷವಿಡೀ ಯಾರ ಬೆರಳೂ ಹೋಗದಿರಲಿ ಅಂತ. ಪ್ರೆಸ್ ಶಾಪಿನಲ್ಲಿ ಬೆರಳು ಕಳಕೊಂಡವರನ್ನು ನೋಡಿದವರಿಗೆ ಅದು ಸುಮ್ನೆ ಶಾಸ್ತ್ರ ಅಲ್ಲ. ಅದಕ್ಕೇ ಮನಸ್ಸಿಲ್ಲದವರ ಕೈಯಲ್ಲಿ ಒಡೆಸುವುದು ನಮಗೂ ಬೇಡ. ನೀವು ಕಣ್ಣು ಮುಚ್ಚಿ ಒಡೆದರೆ ನಿಮ್ಮ ದೇವರಿಗೂ ಸರಿಹೋಗಲ್ಲ, ನಮ್ಮ ದೇವರಿಗೂ ಸರಿಹೋಗಲ್ಲ.

ಪೂಜೆ ದಿನ ಬೆಳಿಗ್ಗೆ ಕೈಕೊಡಬೇಡಿ, ಇದೊಂದು ನೋಡಿಕೊಳ್ಳಿ. ಕಾಯಿ ಒಳಗೆ ಕುಂಕುಮ, ಚಿಲ್ಲರೆ ಕಾಸು ಎಲ್ಲ ತುಂಬಿ ರೆಡಿ ಮಾಡಿದ ಮೇಲೆ "ನಾನು ಮಾಡಲ್ಲ" ಅಂದರೆ ಅದು ಅಪಶಕುನ ಅಂತ ಹುಡುಗರ ತಲೇಲಿ ಕೂರುತ್ತದೆ. ಆಮೇಲೆ ಯಾರಿಗಾದರೂ ಸ್ವಲ್ಪ ಪೆಟ್ಟಾದರೂ ನಿಮ್ಮ ಹೆಸರೇ ಬರುತ್ತದೆ. ಈಗಲೇ ಓನರ್ ಹತ್ತಿರ ಹೋಗಿ ಮಾತಾಡಿ. ಕ್ಯಾಬಿನ್ ಬಾಗಿಲು ಹಾಕಿಕೊಂಡು, ಇಬ್ಬರೇ.

ಬಲ್ಮಠದವ

ಟೂಲ್‌ರೂಮಿನವರು ಹೇಳಿದ್ದು ನೂರಕ್ಕೆ ನೂರು ಸರಿ.

ನಮ್ಮ ಹಿರಿಯರ ಕತೆ ಒಂದಿಷ್ಟು ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಸಭೆ ಸೇರಿದವರಲ್ಲಿ ಬಿಲ್ಲವರು ತುಂಬ ಜನ. ಅವರಲ್ಲಿ ಎಷ್ಟೋ ಮಂದಿಗೆ ಮೂರ್ತೆಯೇ ಕಸುಬು, ಅಂದರೆ ಶೇಂದಿ ಇಳಿಸುವುದು. ಅದನ್ನು ಬಿಡಬೇಕು ಅಂತ ಮಿಷನ್ ಹೇಳಿತು. ಭೂತದ ಸೇವೆಯೂ ಬಿಡಬೇಕು. ಅಂದರೆ ಕಸುಬೂ ಹೋಯಿತು, ಊರಿನ ನಂಟೂ ಹೋಯಿತು. ಒಕ್ಕಲು ಮಾಡುತ್ತಿದ್ದ ಗದ್ದೆ ಕೈಬಿಟ್ಟವರೂ ಇದ್ದರು. ಇನ್ನು ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಲ್ಲಿ ಎದ್ದ ಗಲಾಟೆ ಬೇರೆಯೇ. ಅವರು ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿ ತಿರುಗಿ ಬಂದರು.

ನನಗೆ ಮುಖ್ಯ ಅನ್ನಿಸುವುದು ಆಮೇಲೆ ಆದದ್ದು. ಕಸುಬು ಬಿಡಿ ಅಂದ ಮಿಷನ್ ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ನೇಯ್ಗೆ ತೆಗೆಯಿತು, ಮುದ್ರಣಾಲಯ ಇತ್ತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಮಂಗಳೂರು ಹಂಚು ಅಂತ ಇಡೀ ದೇಶ ಹೊದ್ದುಕೊಂಡಿತಲ್ಲ, ಅದರ ಹಿಂದೆ ಇದ್ದ ಒಂದು ಕಾರಣ ಇದು. ಸಭೆ ಸೇರಿ ಕೆಲಸ ಕಳಕೊಂಡವರಿಗೆ ಅನ್ನ ಬೇಕಿತ್ತು. ಅದರಿಂದ ತೊಂದರೆಗಳೂ ಆದವು. ಧಣಿಯೂ ಮಿಷನ್, ಪಾದ್ರಿಯೂ ಮಿಷನ್ ಆದರೆ ಎದುರು ಮಾತಾಡುವುದು ಹೇಗೆ? ಆದರೂ ಒಂದು ಸಾಲು ಬರೆಯಲೇಬೇಕು. ಇಲ್ಲಿ "ಕೆಲಸ ಹೋದರೆ ಹೋಗಲಿ" ಅಂತ ಪುಕ್ಕಟೆ ಬರೆಯುವವರು, ಹೋದರೆ ಆ ಮನೆಯ ಇಎಂಐ ಯಾರು ಕಟ್ಟುತ್ತೀರಿ ಅಂತಲೂ ಬರೆಯಿರಿ.

ದುರ್ಗದ ಆಟೋ

ಅಂಕಲ್, ನನಗೇ ಹೇಳಿದ್ದು ಅಂತ ಗೊತ್ತಾಯ್ತು. ಪುಕ್ಕಟೆ ಅಲ್ಲ. ನಾನೂ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸುವವನು. ಹಬ್ಬದ ದಿನ ಗಾಡಿ ತೊಳೆದು ನಿಲ್ಲಿಸ್ತೀನಿ. ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಂದರೆ ಬೇಡ ಅಂತೀನಿ. ಮೊದಲ ವರ್ಷ ಮುಖ ಗಂಟಿಕ್ಕಿಕೊಂಡರು, ಸರದಿ ತಪ್ಪಿಸಿದರು. ಈಗ ಅಭ್ಯಾಸ ಆಗಿದೆ. ಕಡಲೆಪುರಿ, ಬಾಳೆಹಣ್ಣಿಗೆ ಚಂದಾ ಎಲ್ಲರಷ್ಟೇ ಕೊಡ್ತೀನಿ.

ಹಾಸನ ಟೀಚರ್

ಚಂದಾ ಕೊಡ್ತೀರಾ! ಹಾಗಾದರೆ ನೀವೂ ನಮ್ಮ ಕೊರಿಂಥದವರೇ ಬಿಡಿ ಅಣ್ಣಾ. :)

ಕಲಬುರಗಿ ಓದುಗ

ಸ್ವಲ್ಪ ಬೇರೆ ವಿಷಯ. ಪ್ರತಿ ಯೂತ್ ಕ್ಯಾಂಪಿನಲ್ಲೂ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಕತೆ ಹೇಳ್ತಾರೆ. 1924ರ ಪ್ಯಾರಿಸ್ ಒಲಿಂಪಿಕ್ಸ್, ಭಾನುವಾರ ಓಡಲ್ಲ ಅಂತ 100 ಮೀಟರ್ ಬಿಟ್ಟ, 400 ಮೀಟರಿನಲ್ಲಿ 47.6 ಸೆಕೆಂಡಿಗೆ ಚಿನ್ನ ಗೆದ್ದ. ಒಳ್ಳೇದು. ಆದರೆ ಅವನಿಗೆ 400 ಮೀಟರ್ ಇತ್ತು. ಯುಪಿಎಸ್‌ಸಿ ಪ್ರಿಲಿಮ್ಸ್ ಭಾನುವಾರವೇ ಇರುತ್ತೆ, ನಮಗೆ ಬುಧವಾರದ ಪ್ರಿಲಿಮ್ಸ್ ಅಂತ ಇಲ್ಲ. ನಮ್ಮ ಪಾದ್ರಿ ಅಯ್ಯನವರು "ಬೆಳಗಿನ ಆರಾಧನೆಗೆ ಬಂದು ಹೋಗಿ ಬರಿ" ಅಂತಾರೆ. ಲಿಡೆಲ್‌ಗೆ ಯಾಕೆ ಯಾರೂ ಹಾಗೆ ಹೇಳಲಿಲ್ಲವೋ.

ಹೈಕೋರ್ಟ್ ಮೆಟ್ಟಿಲು

ಕಾನೂನು ಏನು ಹೇಳುತ್ತದೆ ಅಂತ ಯಾರೂ ಬರೆದಿಲ್ಲ. ಚುಟುಕಾಗಿ ಹೇಳುತ್ತೇನೆ.

1985ರಲ್ಲಿ ಕೇರಳದ ಒಂದು ಶಾಲೆ ಯೆಹೋವನ ಸಾಕ್ಷಿಗಳ ಪಂಥದ ಮೂರು ಮಕ್ಕಳನ್ನು ಹೊರಗೆ ಹಾಕಿತು. ರಾಷ್ಟ್ರಗೀತೆ ಹಾಡುವಾಗ ಅವರು ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1986ರ ಬಿಜೋ ಇಮ್ಯಾನುಯೆಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಗೌರವದಿಂದ ಎದ್ದು ನಿಂತಿದ್ದಾರೆ, ಹಾಡದೇ ಇರುವುದು ಅಗೌರವ ಅಲ್ಲ ಅಂತ. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ತೀರ್ಪು. ಕಾನೂನು ಓದಿದವರೆಲ್ಲ ಇದನ್ನು ಪ್ರೀತಿಯಿಂದ ಎತ್ತಿ ಹೇಳುತ್ತಾರೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸೇನೆಯಲ್ಲಿ ಒಬ್ಬ ಕ್ರೈಸ್ತ ಅಧಿಕಾರಿ ರೆಜಿಮೆಂಟಿನ ಧಾರ್ಮಿಕ ಪರೇಡಿಗೆ ತನ್ನ ಸೈನಿಕರ ಜೊತೆ ಹೋಗುತ್ತಿದ್ದರು, ಅಂಗಳದಲ್ಲಿ ನಿಲ್ಲುತ್ತಿದ್ದರು. ಗರ್ಭಗುಡಿ ಒಳಗೆ ಹೋಗಿ ಪೂಜೆಯಲ್ಲಿ ಸೇರಲು ಒಪ್ಪಲಿಲ್ಲ. ಕೆಲಸ ಹೋಯಿತು. 2025ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಸೇನೆಯ ಕ್ರಮ ಸರಿ ಅಂದಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬದಲಿಸಲು ಒಪ್ಪಲಿಲ್ಲ. ಸೇನೆಯ ಶಿಸ್ತು ಬೇರೆ, ಪೀಣ್ಯ ಬೇರೆ, ನಿಜ. ಆದರೆ "ಧರ್ಮದ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿ ಇದೆ, ಯಾರೇನು ಮಾಡ್ತಾರೆ" ಅಂದುಕೊಂಡು ಎದೆ ಉಬ್ಬಿಸಬೇಡಿ. ಖಾಸಗಿ ಸಣ್ಣ ಶಾಪಿನಲ್ಲಿ ಕಾನೂನು ಬರುವ ಹೊತ್ತಿಗೆ ಸಂಬಂಧ ಹಳಸಿರುತ್ತದೆ.

ತೊಕ್ಕೊಟ್ಟು

ಆ ಸೇನೆಯ ಕೇಸಿನಲ್ಲಿ ಒಬ್ಬ ಪಾದ್ರಿಯೇ "ಒಳಗೆ ಹೋಗಬಹುದು" ಅಂದಿದ್ದರು ಅಂತ ಕೋರ್ಟಿನಲ್ಲಿ ಮಾತು ಬಂದಿತ್ತು. ನಾನು ಕಥೋಲಿಕ. ನನಗೆ ಅದೇ ಕಾಡುವ ಪ್ರಶ್ನೆ. ಗೆರೆ ಎಳೆಯುವವರು ಯಾರು?

ಚೀನಾದಲ್ಲಿ ಹಿರಿಯರಿಗೆ ಧೂಪ ಹಾಕುವುದು ಪೂಜೆಯೋ ಮರ್ಯಾದೆಯೋ ಅಂತ ನಮ್ಮವರೇ ನೂರಾರು ವರ್ಷ ಕಿತ್ತಾಡಿದರು. ಅಲ್ಲಿಗೆ ಹೋಗಿದ್ದ ಜೆಸ್ವಿತ ಪಾದ್ರಿಗಳು ಮರ್ಯಾದೆ ಅಂದರು. 1742ರಲ್ಲಿ ಪೋಪ್ ಖಡಾಖಂಡಿತವಾಗಿ ಬೇಡ ಅಂದರು. 1939ರಲ್ಲಿ ಇನ್ನೊಬ್ಬ ಪೋಪ್ ಪರವಾಗಿಲ್ಲ ಅಂದರು. ಮಧ್ಯದ ಇನ್ನೂರು ವರ್ಷ ಮನೆ ಬಿಟ್ಟವರ, ಬೈಸಿಕೊಂಡವರ ಗತಿ? ನಮ್ಮಲ್ಲೇ ನೋಡಿ. 1969ರಲ್ಲಿ ಭಾರತದ ನಮ್ಮ ಚರ್ಚುಗಳ ಪೂಜಾವಿಧಿಗೆ ಹನ್ನೆರಡು ಬದಲಾವಣೆಯನ್ನು ರೋಮ್ ಒಪ್ಪಿತು, ಅದರಲ್ಲಿ ಆರತಿಯೂ ಇದೆ. ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಹೂವು, ದೀಪ, ಧೂಪದ ಆರತಿ ನೋಡಿ ಬೆಳೆದವನಿಗೆ ತಟ್ಟೆ ಹೊಸದಲ್ಲ. ಮಾತೆ ಮರಿಯಳ ಹುಟ್ಟುಹಬ್ಬವಾದ ಮೊಂತಿ ಫೆಸ್ತಿಗೆ ಹೊಸ ತೆನೆ ಮನೆ ತುಂಬಿಸಿಕೊಳ್ಳುತ್ತೇವೆ. ಪಕ್ಕದ ಮನೆಯ ತುಳುವರೂ ತುಂಬಿಸಿಕೊಳ್ಳುತ್ತಾರೆ.

ಆದರೂ ನಾನು ಒಡೆಯಲಾರೆ. ಯಾಕೆ ಅಂತ ಸರಿಯಾಗಿ ವಿವರಿಸಲೂ ಆಗಲ್ಲ. ಆರತಿ ಯಾರಿಗೆ ಅನ್ನುವುದೇ ವಿಷಯ, ತಟ್ಟೆ ಅಲ್ಲ.

ರಾಯಚೂರು ಕ್ಯಾಂಪ್

ಕುಂಬಳಕಾಯಿ ಬಗ್ಗೆ ಇಷ್ಟು ಚರ್ಚೆ ಆಗಿದ್ದು ಓದಿದೆ. ಸಂತೋಷ. ನಮ್ಮ ಕಡೆ ಪ್ರಶ್ನೆ ಬೇರೆ.

ಅಜ್ಜನ ಕಾಲಕ್ಕೆ ನಮ್ಮ ದಲಿತರ ಕೇರಿ ಸಭೆಗೆ ಬಂತು. ದೇವರು ಬದಲಾದ. ಊರ ಹೋಟೆಲಿನ ಲೋಟ ಬದಲಾಗಲಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂದರೆ ಹಿಂದೂಗಳು ಮಾತ್ರ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ನಮ್ಮನ್ನು ಇಲ್ಲ. ಕರ್ನಾಟಕದಲ್ಲಿ ನಮ್ಮಂಥವರಿಗೆ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1 ಇದೆ, ಉಳಿದ ಕ್ರೈಸ್ತರು 3ಬಿ. ಅದೂ ರಾಜ್ಯದ ಸೀಟು, ರಾಜ್ಯದ ನೌಕರಿಗೆ. ಕೈಗೆ ಮಲ ಮೆತ್ತಿದ ಕೆಲಸ ಕೊಡುವಾಗ ಯಾರೂ ಧರ್ಮ ಕೇಳಲ್ಲ, ಸರ್ಟಿಫಿಕೇಟ್ ಕೊಡುವಾಗ ಕೇಳ್ತಾರೆ.

ಹಾಗಾಗಿ ನಮ್ಮ ಓಣಿಯಲ್ಲಿ ಅರ್ಧ ಮಂದಿ ಕಾಗದದ ಮೇಲೆ ಹಿಂದೂ. ನನ್ನ ಸ್ವಂತ ತಮ್ಮ ಹಾಗೇ. ಭಾನುವಾರ ಸಭೆಯಲ್ಲಿ ತಬಲಾ ಬಾರಿಸುತ್ತಾನೆ, ಅರ್ಜಿಯಲ್ಲಿ ಹಿಂದೂ ಅಂತ ಬರೆಯುತ್ತಾನೆ. ನಾನು ಕ್ರಿಶ್ಚಿಯನ್ ಅಂತಲೇ ಬರೆಸಿದೆ. ಒಂದು ಒಳ್ಳೆಯ ಸೀಟು ಹೋಯಿತು. ಅವನಿಗೆ ಕೆಲಸ ಇದೆ, ನಾನು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. 2024ರ ನವೆಂಬರಿನಲ್ಲಿ ಪುದುಚೇರಿಯ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್, ಕ್ರೈಸ್ತಳಾಗಿ ನಡೆಯುತ್ತಾ ಮೀಸಲಾತಿಗಾಗಿ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ಮೋಸ ಅಂದಿತು. ಆ ಸುದ್ದಿ ಬಂದ ದಿನ ತಮ್ಮ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ನಾನು ಅವನಿಗೆ ಸುಳ್ಳ ಅನ್ನಲ್ಲ. ಅವನು ಹೊಲೆಯರ ಕೇರಿಯಲ್ಲೇ ಹುಟ್ಟಿದ್ದು ಸುಳ್ಳಲ್ಲ. ಈ ವಿಷಯ ನೋಡಲಿಕ್ಕೆ 2022ರಲ್ಲಿ ಬಾಲಕೃಷ್ಣನ್ ಆಯೋಗ ಮಾಡಿದರು. ಅದರ ಕಡೆ ನೋಡ್ತಾ ಕೂತಿದ್ದೇವೆ.

ದುರ್ಗದ ಆಟೋ

ರಾಯಚೂರು ಅಣ್ಣಾ, ನೋವು ಅರ್ಥ ಆಗುತ್ತೆ. ಆದರೂ ಯೇಸುವನ್ನು ಜನರ ಮುಂದೆ ಒಪ್ಪಿಕೊಳ್ಳಬೇಕು ಅಂತ ವಾಕ್ಯ ಇದೆಯಲ್ಲ. ತಮ್ಮನಿಗೆ ಅದು ಅನ್ವಯಿಸಲ್ವಾ?

ರಾಯಚೂರು ಕ್ಯಾಂಪ್

ಜನರ ಮುಂದೆ ಒಪ್ಪಿಕೊಂಡೇ ಇದ್ದಾನೆ. ಇಡೀ ಓಣಿಗೆ ಗೊತ್ತು. ತಹಶೀಲ್ದಾರರ ಮುಂದೆ ಒಪ್ಪಿಕೊಂಡಿಲ್ಲ. ಇದು ಸರೀನಾ ಅಂತ ನನ್ನನ್ನು ಕೇಳಬೇಡಿ, ನಾನು ಹಾಗೆ ಮಾಡಲಿಲ್ಲ. ಆದರೆ ಒಂದು ಹೇಳಿ. ನಮ್ಮ ಸಭೆಗಳಲ್ಲಿ ಸಂಬಂಧ ನೋಡುವಾಗ "ನೀವು ಯಾವ ಕಡೆಯ ಕ್ರಿಶ್ಚಿಯನ್ಸ್" ಅಂತ ಕೇಳ್ತಾರಲ್ಲ, ಆ ಪ್ರಶ್ನೆ ಕೇಳುವವರಿಗೆ ಯಾವ ವಾಕ್ಯ ಅನ್ವಯಿಸುತ್ತೆ?

ಬೆಟಗೇರಿ ನರ್ಸ್

ಇದನ್ನೇ ಬರೆಯಬೇಕು ಅಂತ ಇದ್ದೆ.

ನನಗೆ ಈಗ ಗಂಡು ನೋಡ್ತಿದ್ದಾರೆ. ಕಳೆದ ತಿಂಗಳು ಒಂದು ಮನೆತನ ಬಂದಿತ್ತು. ಕುಟುಂಬ ಪ್ರಾರ್ಥನೆ ತಪ್ಪಿಸದ ಜನ. ಪಕ್ಕದ ಮನೆಯವರು ಗಣೇಶನ ಹಬ್ಬಕ್ಕೆ ಕಡುಬು ಕೊಟ್ಟರೆ ಹಿಂದಿರುಗಿಸಿ ಕಳಿಸ್ತೀವಿ ಅಂತ ಹೆಮ್ಮೆಯಿಂದ ಹೇಳಿದರು. ಚಹಾ ಕುಡಿದು ಮುಗಿಸಿ, ಪ್ರಾರ್ಥನೆ ಮಾಡಿ, ಆಮೆನ್ ಅಂದು, ಆಮೇಲೆ ಹುಡುಗನ ಮಾವ ನಮ್ಮ ಅಪ್ಪಾಜಿ ಹತ್ತಿರ "ನಾವೇನೂ ಕೇಳಲ್ಲ, ನಿಮ್ಮ ಮಗಳಿಗೆ ನೀವು ಎಷ್ಟು ತೊಲ ಹಾಕ್ತೀರಿ ಹೇಳಿ, ಗಾಡಿ ಮಾತ್ರ ಹುಡುಗನ ಆಸೆ" ಅಂದರು. ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಆ ಮಾವ ನಮಗಿಂತ ಚೆನ್ನಾಗಿ ಬೈಬಲ್ ಓದಿದವರು.

ಲೋಕ ನಮ್ಮನ್ನು ವಿರೋಧಿಸುತ್ತೆ ಅಂತ ನಮ್ಮ ಸಭೆಯಲ್ಲಿ ಭಾಳ ಮಾತು. ವಾರ್ಡಿನಲ್ಲಿ ನನ್ನನ್ನು ಯಾರೂ ವಿರೋಧಿಸಿಲ್ಲ. ಅಜ್ಜಿಯರು ಭಂಡಾರ ಹಚ್ಚಲು ಬಂದರೆ "ಬ್ಯಾಡ ಅಮ್ಮಾ, ನಾವು ಹಚ್ಚಂಗಿಲ್ಲ" ಅಂದರೆ "ಆತು ಬಿಡವ್ವ" ಅಂತಾರೆ. ನನಗೆ ವಿರೋಧ ಬಂದದ್ದು ವರದಕ್ಷಿಣೆ ಕೇಳೋ ಮನೆಗೆ ಹೋಗಲ್ಲ ಅಂದಾಗ. ಅದೂ ಸಭೆಯ ಹೆಂಗಸರಿಂದ. "ವಯಸ್ಸಾಗ್ತಾ ಇದೆ, ಇಷ್ಟು ಗಟ್ಟಿತನ ಒಳ್ಳೇದಲ್ಲ" ಅಂತ.

ಬಲ್ಮಠದವ

ಸಿಸ್ಟರ್, ಇದಕ್ಕೊಂದು ಬೇರೆ ಎಳೆ ತೆರೆಯಿರಿ. ಇಲ್ಲಿ ಮುಚ್ಚಿಹೋಗಬಾರದು. ನಮ್ಮ ಕರಾವಳಿಯವರಿಗೂ ಹೇಳುವುದು ಬೇಕಾದಷ್ಟಿದೆ.

ತುಮಕೂರು ಮನೆಸಭೆ

ನರ್ಸ್ ಅಕ್ಕನಿಗೆ ವಾರ್ಡಿನಲ್ಲಿ ವಿರೋಧ ಇಲ್ಲದಿರುವುದು ಒಳ್ಳೆಯದೇ. ಎಲ್ಲ ಕಡೆ ಹಾಗಿಲ್ಲ. 2022ರಲ್ಲಿ ಮತಾಂತರದ ಕಾಯ್ದೆ ಬಂತಲ್ಲ, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುವುದು. ಆ ಹೊತ್ತಿನಲ್ಲಿ ನಮ್ಮ ಮನೆ ಪ್ರಾರ್ಥನೆಗೆ ಬಾಗಿಲು ಬಡಿದು ವಿಡಿಯೋ ಮಾಡಿಕೊಂಡು ಹೋದರು. 2023ರಲ್ಲಿ ಸಂಪುಟ ಅದನ್ನು ವಾಪಸ್ ತೆಗೆಯುತ್ತೇವೆ ಅಂದಿತು. ಜನರ ಮನಸ್ಸಿನಿಂದ ವಾಪಸ್ ಹೋಗಿಲ್ಲ. ಮೊದಲು ಜ್ವರ ಬಂದ ಮಗುವನ್ನು ಎತ್ತಿಕೊಂಡು ಪಕ್ಕದ ಮನೆಯಾಕೆ "ಸ್ವಲ್ಪ ಪ್ರಾರ್ಥನೆ ಮಾಡಿ ಅಯ್ನೋರೇ" ಅಂತ ಬರುತ್ತಿದ್ದರು. ಈಗ ಬಂದರೆ ನಾನೇ ಬಾಗಿಲಲ್ಲಿ ನಿಂತು ಮಾಡಿ ಕಳಿಸುತ್ತೇನೆ. ಒಳಗೆ ಕರೆಯಲು ಧೈರ್ಯ ಬರುವುದಿಲ್ಲ.

ಪೀಣ್ಯ ಸೆಕೆಂಡ್ ಸ್ಟೇಜ್

ಎಲ್ಲರ ಮಾತೂ ಓದಿದೆ. ಟೂಲ್‌ರೂಮ್ ಅಣ್ಣ ಹೇಳಿದ ಹಾಗೆ ನಿನ್ನೆ ಕ್ಯಾಬಿನ್ನಿಗೆ ಹೋಗಿ ಮಾತಾಡಿದೆ. ಮಷೀನ್ ತೊಳೆಸುವುದು, ಪೇಂಟ್ ಟಚಪ್, ಬೋನಸ್ ಲಿಸ್ಟ್, ಸ್ವೀಟ್ ಆರ್ಡರ್, ಊಟ ಎಲ್ಲ ನನ್ನ ಮೇಲಿರಲಿ ಸರ್, ಪೂಜೆ ಹೊತ್ತಿಗೆ ಅಲ್ಲೇ ನಿಂತಿರ್ತೀನಿ, ಆರತಿ ಮತ್ತು ಕಾಯಿ ಮಾತ್ರ ನನ್ನ ಕೈಯಲ್ಲಿ ಆಗಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಸರಿ, ಲೇತ್ ಮೇಸ್ತ್ರಿ ಒಡೀಲಿ" ಅಂದರು.

ಆದರೆ ಬಾಗಿಲ ಹತ್ತಿರ ಬಂದಾಗ ಮತ್ತೆ ಕರೆದು ಹೇಳಿದರು, "ಹುಡುಗರು ಕೇಳಿದರೆ ಮನೇಲಿ ಸೂತಕ ಅಂತ ಹೇಳಿಬಿಡಿ. ಧರ್ಮ ಗಿರ್ಮ ಅಂತ ಶಾಪಿನಲ್ಲಿ ಮಾತು ಬೇಡ." ಒಳ್ಳೇದಕ್ಕೇ ಹೇಳಿದ್ದು. ಸೂತಕ ಅಂದರೆ ಯಾರೂ ಮರುಪ್ರಶ್ನೆ ಹಾಕಲ್ಲ. ನಾನು ತಲೆ ಆಡಿಸಿ ಬಂದೆ. ಈಗ ಇದು ಕುಂಬಳಕಾಯಿಗಿಂತ ಜಾಸ್ತಿ ಕೊರೀತಾ ಇದೆ.

ದಾಬಸ್‌ಪೇಟೆ ಟೂಲ್‌ರೂಮ್

ಅಯ್ಯೋ, ಸೂತಕ ಅಂತ ಮಾತ್ರ ಹೇಳಬೇಡಿ. ಹುಡುಗರು ಯಾರು ತೀರಿಕೊಂಡರು ಅಂತ ಕೇಳ್ತಾರೆ. ಇಬ್ಬರು ಮೂವರು ಗಾಡಿ ಹತ್ತಿ ಮನೆಗೇ ಬರ್ತಾರೆ. ಅದೂ ಅಲ್ಲದೆ ಸೂತಕದವರು ಮುಟ್ಟಿದ ಮಷೀನ್ ಪೂಜೆಗೆ ಇಡಬಹುದಾ ಅಂತ ಇನ್ನೊಂದು ಪಂಚಾಯ್ತಿ ಶುರುವಾಗುತ್ತೆ.

ಹಾಸನ ಟೀಚರ್

ಅದಕ್ಕಿಂತ ಮೊದಲು, ಅದು ಸುಳ್ಳು. ಆರತಿ ಮಾಡಲಾರೆ ಅಂದ ಬಾಯಲ್ಲಿ ಇಲ್ಲದ ಸಾವು ಹೇಳುವುದಾದರೆ ಕಾಯಿಯನ್ನೇ ಒಡೆದುಬಿಡಬಹುದಿತ್ತು. ಓನರ್‌ಗೆ ಇನ್ನೊಮ್ಮೆ ಹೇಳಿ. ಶಾಪಿನಲ್ಲಿ ನಾನಾಗಿ ಧರ್ಮದ ಮಾತು ಎತ್ತಲ್ಲ, ಆದರೆ ಯಾರಾದರೂ ನೇರವಾಗಿ ಕೇಳಿದರೆ ನಿಜ ಹೇಳ್ತೀನಿ ಅಂತ. ಅವರು ಬೇಡ ಅಂದದ್ದು ಗಲಾಟೆ. ನಿಜವನ್ನು ಮೆಲ್ಲಗೆ ಹೇಳಿದರೆ ಗಲಾಟೆ ಆಗಲೇಬೇಕು ಅಂತೇನಿಲ್ಲ.

ದುರ್ಗದ ಆಟೋ

ಟೀಚರ್ ಹೇಳಿದ್ದಕ್ಕೆ ಆಮೆನ್. ಮತ್ತೆ ಬ್ರದರ್, ಮೊದಲು ಆ ಲೇತ್ ಮೇಸ್ತ್ರಿ ಹತ್ತಿರ ಹೋಗಿ ನೀವೇ ಹೇಳಿ. ನಿಮ್ಮ ಬದಲಿಗೆ ಒಡೆಯುವವನಿಗೆ ಯಾಕೆ ಅಂತ ಗೊತ್ತಿರಬೇಕು ಅಲ್ವಾ?

ಪೀಣ್ಯ ಸೆಕೆಂಡ್ ಸ್ಟೇಜ್

ಮೇಸ್ತ್ರಿಗೆ ಇವತ್ತು ಚಹಾ ಹೊತ್ತಲ್ಲಿ ಹೇಳಿದೆ. "ನೀವು ಚರ್ಚಿನವರು ಅಂತ ನನಗೆ ಮೊದಲೇ ಗೊತ್ತು, ನಾನೇ ಒಡೀತೀನಿ ಬಿಡಿ" ಅಂದರು. ಆಮೇಲೆ, ಇನ್‌ಚಾರ್ಜ್‌ಗೆ ಅಂತ ತರುವ ಪಂಚೆ, ಶಲ್ಯ ಹಾಗಾದರೆ ನನಗೇ ಬರಬೇಕಲ್ವಾ ಅಂತ ಕೇಳಿದರು. ಬರಬೇಕು ಅಂದೆ. ಓನರ್ ಹತ್ತಿರ ನಾಳೆ ಮಾತಾಡ್ತೀನಿ.